ಕಿರುಮೆದುಳಿನ ಗ್ಲುಟಮೇಟ್ ರಿಸೆಪ್ಟರ್: ನಡುವೆ ಕೂತದ್ದು, ಅಂಚಿನಲ್ಲಿ ಕೂತದ್ದು

ಪ್ರಶ್ನೆ: ನಮ್ಮ ಮನೆ ಡೊಂಬಿವಲಿಯಲ್ಲಿ. ನಾನು ಪುಣೆಯಲ್ಲಿ ಎಂ.ಎಸ್‌ಸಿ. ಓದುತ್ತಿದ್ದೇನೆ. ಕಿರುಮೆದುಳಿನ ನರಕೋಶಗಳಲ್ಲಿ ಗ್ಲುಟಮೇಟ್ ರಿಸೆಪ್ಟರ್‌ಗಳು ಎಲ್ಲಿರುತ್ತವೆ ಎಂದು ಕ್ಲಾಸಿನಲ್ಲಿ ಕೇಳಿದರು. 'ಡೆಂಡ್ರೈಟ್ ಮೇಲೆ' ಅಂದೆ. ಅರ್ಧ ಮಾರ್ಕು ಕೊಟ್ಟರು. ಉಳಿದರ್ಧ ಎಲ್ಲಿ ಹೋಯಿತು? ಪರ್ಕಿಂಜೆ ಕೋಶದಲ್ಲಿ ಎನ್‌ಎಂಡಿಎ ರಿಸೆಪ್ಟರ್ ಇಲ್ಲವೇ ಇಲ್ಲ ಎಂದು ಗೆಳತಿ ವಾದ ಮಾಡುತ್ತಾಳೆ, ನಿಜವೇ? ಇನ್ನೊಂದು: ಅಜಿನೊಮೊಟೊ ತಿಂದರೆ ಈ ರಿಸೆಪ್ಟರ್‌ಗಳು ಹಾಳಾಗುತ್ತವೆ ಅಂತ ಅಮ್ಮ ಹೇಳುತ್ತಾರೆ.

ಉತ್ತರ: ಅರ್ಧ ಮಾರ್ಕು ಸರಿಯಾಗಿಯೇ ಕೊಟ್ಟಿದ್ದಾರೆ. ಹೊಸಬರಿಗೆ ಒಂದು ಮಾತು: ಗ್ಲುಟಮೇಟ್ ಎಂದರೆ ಒಂದು ನರಕೋಶ ಇನ್ನೊಂದಕ್ಕೆ ಸುದ್ದಿ ಮುಟ್ಟಿಸಲು ಬಿಡುವ ರಾಸಾಯನಿಕ, ರಿಸೆಪ್ಟರ್ ಎಂದರೆ ಅದನ್ನು ಹಿಡಿಯುವ ಪ್ರೋಟೀನ್, ಡೆಂಡ್ರೈಟ್ ಎಂದರೆ ನರಕೋಶ ಸುದ್ದಿ ಪಡೆಯುವ ಕೊಂಬೆ. 'ಡೆಂಡ್ರೈಟ್ ಮೇಲೆ' ಎನ್ನುವುದು 'ಮನೆ ಮುಂಬೈ ಕಡೆ' ಅಂದ ಹಾಗೆ. ಸುಳ್ಳಲ್ಲ. ಆದರೆ ನಮ್ಮ ಕಡೆ ಯಾರೂ ಅಷ್ಟಕ್ಕೆ ಬಿಡುವುದಿಲ್ಲ, ಅಲ್ವಾ? ಈಸ್ಟಾ ವೆಸ್ಟಾ, ಸ್ಟೇಷನ್ನಿಗೆ ನಡೆದರೆ ಎಷ್ಟು ಹೊತ್ತು, ಎಷ್ಟನೇ ಮಹಡಿ, ಎಲ್ಲ ಕೇಳುತ್ತಾರೆ. ನೀವು ಬೆಳಿಗ್ಗೆ ಯಾವ ಲೋಕಲ್ ಹಿಡಿಯುತ್ತೀರಿ ಎನ್ನುವುದು ಅದರ ಮೇಲೇ ನಿಂತಿರುತ್ತದೆ. ರಿಸೆಪ್ಟರ್ ಕಥೆಯೂ ಹಾಗೇ. ಒಂದೇ ಸಿನಾಪ್ಸಿನಲ್ಲಿ, ಅಂದರೆ ಎರಡು ನರಕೋಶ ಸಂಧಿಸುವ ಜಾಗದಲ್ಲಿ, ನಡುವೆ ಕೂತ ರಿಸೆಪ್ಟರ್ ಮಾಡುವ ಕೆಲಸ ಬೇರೆ, ಅಂಚಿನಲ್ಲಿ ಕೂತದ್ದು ಮಾಡುವ ಕೆಲಸ ಬೇರೆ. ನಿಮ್ಮ ಉಳಿದರ್ಧ ಮಾರ್ಕು ಆ ಅಂಚಿನಲ್ಲಿದೆ.

ಮೊದಲು ಕುಟುಂಬದ ಪರಿಚಯ, ಬೇಗ ಮುಗಿಸುತ್ತೇನೆ. ಗ್ಲುಟಮೇಟ್ ತಾಗಿದ ಕೂಡಲೇ ಬಾಗಿಲು ತೆರೆದು ಅಯಾನುಗಳನ್ನು ಒಳಗೆ ಬಿಡುವವು ಮೂರು: ಆಂಪಾ, ಕೈನೇಟ್, ಎನ್‌ಎಂಡಿಎ. ಇವು ಮಿಲಿಸೆಕೆಂಡುಗಳ ಲೆಕ್ಕದಲ್ಲಿ ಕೆಲಸ ಮಾಡುತ್ತವೆ, ಎನ್‌ಎಂಡಿಎ ಮಾತ್ರ ಸ್ವಲ್ಪ ಸಾವಕಾಶ. ಎರಡನೆಯ ಗುಂಪು ಎಂಗ್ಲುಆರ್. ಇದರಲ್ಲಿ 1ರಿಂದ 8ರವರೆಗೆ ಎಂಟು ಬಗೆ. ಇವಕ್ಕೆ ಬಾಗಿಲಿಲ್ಲ. ಒಳಗಿನವರಿಗೆ ಸುದ್ದಿ ಮುಟ್ಟಿಸುತ್ತವೆ, ಕೆಲಸ ಅವರು ಮಾಡುತ್ತಾರೆ. ಹಾಗಾಗಿ ನಿಧಾನ. ಇನ್ನೊಂದು ವಿಚಿತ್ರ ಸದಸ್ಯ ಇದೆ, ಗ್ಲುಡಿ2. ಕುಟುಂಬದ ಹೆಸರು ಇಟ್ಟುಕೊಂಡಿದೆ, ಮುಖಚಹರೆಯೂ ಅದೇ. ಆದರೆ ಗ್ಲುಟಮೇಟ್ ಬಂದರೆ ಬಾಗಿಲು ತೆರೆಯುವುದಿಲ್ಲ. ಇದರ ಬಗ್ಗೆ ಆಮೇಲೆ ಬರುತ್ತೇನೆ, ನನಗೆ ಇದರ ಮೇಲೆ ಸ್ವಲ್ಪ ಜಾಸ್ತಿ ಪ್ರೀತಿ.

ಈಗ ಊರಿನ ನಕ್ಷೆ. ಮನುಷ್ಯನ ಮೆದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಅದರಲ್ಲಿ ಸುಮಾರು 6,900 ಕೋಟಿ ಕಿರುಮೆದುಳಿನಲ್ಲೇ ಇವೆ. ತೂಕ ನೋಡಿದರೆ ಇಡೀ ಮೆದುಳಿನ ಹತ್ತರಲ್ಲಿ ಒಂದು ಪಾಲು ಅಷ್ಟೇ. ಇಷ್ಟು ಜನ ಇಷ್ಟು ಚಿಕ್ಕ ಜಾಗದಲ್ಲಿ ಹೇಗಿದ್ದಾರೆ ಎಂದು ಮುಂಬೈಯವರಿಗೆ ವಿವರಿಸಬೇಕಾಗಿಲ್ಲ. ಹೆಚ್ಚಿನವು ಗ್ರಾನ್ಯೂಲ್ ಎಂಬ ಪುಟಾಣಿ ಕೋಶಗಳು, ಒಂದಕ್ಕೊಂದು ಒತ್ತಿಕೊಂಡು ಕೂತಿರುತ್ತವೆ. ಹೊರಗಿನಿಂದ ಸುದ್ದಿ ತರುವ ದಾರಿಗಳಲ್ಲಿ ಎರಡು ಮುಖ್ಯ. ಮಾಸಿ ಫೈಬರ್ ಬಂದು ಗ್ರಾನ್ಯೂಲ್ ಕೋಶಕ್ಕೆ ಮುಟ್ಟಿಸುತ್ತದೆ. ಗ್ರಾನ್ಯೂಲ್ ಕೋಶದ ಆಕ್ಸಾನ್, ಅಂದರೆ ಸುದ್ದಿ ಕಳಿಸುವ ಎಳೆ, ಮೇಲಕ್ಕೆ ಹತ್ತಿ, ಇಂಗ್ಲಿಷಿನ ಟಿ ಅಕ್ಷರದ ಹಾಗೆ ಎರಡು ಕಡೆಗೆ ಹರಿಯುತ್ತದೆ. ಅದೇ ಪ್ಯಾರಲಲ್ ಫೈಬರ್. ಎರಡನೆಯ ದಾರಿ ಕ್ಲೈಂಬಿಂಗ್ ಫೈಬರ್. ಅದು ಮೆದುಳಿನ ಬುಡದಲ್ಲಿರುವ ಇನ್‌ಫೀರಿಯರ್ ಆಲಿವ್ ಎಂಬ ಜಾಗದಿಂದ ನೇರ ಪರ್ಕಿಂಜೆ ಎಂಬ ದೊಡ್ಡ ನರಕೋಶಕ್ಕೆ ಬಂದು ಬಳ್ಳಿಯ ಹಾಗೆ ಸುತ್ತಿಕೊಳ್ಳುತ್ತದೆ. ಮಾಸಿ, ಪ್ಯಾರಲಲ್, ಕ್ಲೈಂಬಿಂಗ್, ಮೂರೂ ಗ್ಲುಟಮೇಟನ್ನೇ ಬಿಡುತ್ತವೆ.

ಪರ್ಕಿಂಜೆ ಕೋಶವನ್ನು ಮೊದಲು ವರ್ಣಿಸಿದ್ದು 1837ರಲ್ಲಿ, ಯಾನ್ ಪರ್ಕಿಂಜೆ. ಅದರ ಡೆಂಡ್ರೈಟ್ ಮರವನ್ನು ಒಂದು ಕಡೆಯಿಂದ ನೋಡಿದರೆ ಅಗಲವಾದ ಬೀಸಣಿಗೆ. ಪಕ್ಕದಿಂದ ನೋಡಿದರೆ ತೆಳ್ಳಗೆ, ಒಣಗಿಸಿದ ಹಪ್ಪಳದ ಹಾಗೆ. ಈ ಬೀಸಣಿಗೆಗಳನ್ನು ಸಾಲಾಗಿ ನಿಲ್ಲಿಸಿ. ಪ್ಯಾರಲಲ್ ಫೈಬರ್‌ಗಳು ರೈಲಿನ ಓವರ್‌ಹೆಡ್ ತಂತಿಗಳ ಹಾಗೆ ಎಲ್ಲವನ್ನೂ ಅಡ್ಡ ಹಾಯ್ದು ಹೋಗುತ್ತವೆ. ಒಂದೊಂದು ಪರ್ಕಿಂಜೆ ಕೋಶಕ್ಕೆ ಒಂದೂವರೆ ಲಕ್ಷಕ್ಕೂ ಹೆಚ್ಚು ಪ್ಯಾರಲಲ್ ಫೈಬರ್ ತಾಗುತ್ತವೆ. ಕ್ಲೈಂಬಿಂಗ್ ಫೈಬರ್ ಮಾತ್ರ ದೊಡ್ಡವರಲ್ಲಿ ಒಂದೇ ಒಂದು. ಆದರೆ ಆ ಒಂದೇ ಬಳ್ಳಿ ನೂರಾರು ಕಡೆ ತಾಗುತ್ತದೆ. ಜಾಗವೂ ಹಂಚಿಕೆಯಾಗಿದೆ. ದಪ್ಪ ಕೊಂಬೆಗಳು ಕ್ಲೈಂಬಿಂಗ್ ಫೈಬರ್‌ನದು. ತುದಿಯ ಸಣ್ಣ ರೆಂಬೆಗಳ ಮೇಲಿನ ಮುಳ್ಳಿನಂಥ ಸ್ಪೈನ್‌ಗಳು ಪ್ಯಾರಲಲ್ ಫೈಬರ್‌ನವು.

ಆ ಒಂದು ಸ್ಪೈನ್ ಒಳಗೆ ಹೋಗೋಣ. ಅಡ್ಡಳತೆ ಒಂದು ಮೈಕ್ರಾನ್‌ಗಿಂತ ಕಡಿಮೆ. ಎದುರಿಗಿರುವ ಪ್ಯಾರಲಲ್ ಫೈಬರ್ ಗ್ಲುಟಮೇಟ್ ಚೆಲ್ಲುತ್ತದೆ. ಅದು ಬಿದ್ದಲ್ಲಿ, ಸಿನಾಪ್ಸಿನ ನಡುಜಾಗದಲ್ಲಿ, ಆಂಪಾ ರಿಸೆಪ್ಟರ್‌ಗಳಿವೆ. ಹೆಚ್ಚಿನವು ಗ್ಲುಎ2 ಮತ್ತು ಗ್ಲುಎ3 ತುಂಡುಗಳಿಂದ ಆದವು. ಗ್ಲುಎ2 ಸೇರಿದ ಬಾಗಿಲಿನಲ್ಲಿ ಸೋಡಿಯಂ ಬರುತ್ತದೆ, ಕ್ಯಾಲ್ಸಿಯಂ ಬರುವುದಿಲ್ಲ ಎಂದೇ ಹೇಳಬಹುದು. ಎಂಗ್ಲುಆರ್1 ಎಲ್ಲಿದೆ? ನಡುವೆ ಇಲ್ಲ. ಸಿನಾಪ್ಸಿನ ಹೊರಗೆ, ಅಂಚಿನಿಂದ ಸುಮಾರು 60 ನ್ಯಾನೊಮೀಟರ್ ದೂರದೊಳಗೆ, ಬಳೆಯ ಹಾಗೆ ಸುತ್ತ ಕೂತಿದೆ. 1993 ಮತ್ತು 94ರಲ್ಲಿ ಆಕ್ಸ್‌ಫರ್ಡ್‌ನ ಪೀಟರ್ ಸೊಮೊಗಿ ಅವರ ತಂಡ ಇದನ್ನು ತೋರಿಸಿತು. ಬೇಕಾದ ಪ್ರೋಟೀನಿಗೆ ಮಾತ್ರ ಅಂಟುವ ಪ್ರತಿಕಾಯಕ್ಕೆ (ಆಂಟಿಬಾಡಿ) ಚಿನ್ನದ ಸೂಕ್ಷ್ಮ ಕಣ ಅಂಟಿಸಿ, ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಆ ಕರಿ ಚುಕ್ಕೆಗಳು ಎಲ್ಲಿ ಬಿದ್ದಿವೆ ಎಂದು ಎಣಿಸಿದರು. ಆಂಪಾ ಚುಕ್ಕೆ ಒಳಗೆ, ಎಂಗ್ಲುಆರ್1 ಚುಕ್ಕೆ ಅಂಚಿನಲ್ಲಿ. ಆ ಚಿತ್ರ ಮೊದಲು ನೋಡಿದ ದಿನ ನನಗೆ ಊಟ ರುಚಿಸಲಿಲ್ಲ. ಅಷ್ಟು ಖುಷಿಯಾಗಿತ್ತು.

ಅಂಚಿನಲ್ಲಿದ್ದರೆ ಏನಾಯಿತು? ಜುಲೈನಲ್ಲಿ ದಾದರ್ ಹತ್ತಿರದ ಹಿಂದ್‌ಮಾತಾ ನೆನೆಸಿಕೊಳ್ಳಿ. ಒಂದು ಸಣ್ಣ ಮಳೆ ಬಂದರೆ ರಸ್ತೆ ಒದ್ದೆಯಾಗುತ್ತದೆ, ಅಷ್ಟೇ. ಬಿಡದೆ ಸುರಿದರೆ ಮಾತ್ರ ನೀರು ನಿಂತು, ಅಂಗಡಿಯ ಮೊದಲ ಮೆಟ್ಟಿಲು ಮುಟ್ಟುತ್ತದೆ. ಅಂಗಡಿಯವನು ಶಟರ್ ಎಳೆಯುವುದು ಆಗ. ಆಂಪಾ ರಸ್ತೆಯಲ್ಲಿ ನಿಂತಿದೆ, ಒಂದೊಂದು ಹನಿಯೂ ಅದಕ್ಕೆ ಗೊತ್ತಾಗುತ್ತದೆ. ಎಂಗ್ಲುಆರ್1 ಮೆಟ್ಟಿಲ ಮೇಲೆ ನಿಂತಿದೆ. ಪ್ಯಾರಲಲ್ ಫೈಬರ್ ಒಂದು ಸಲ ಮಿಡಿದರೆ ಬಿಟ್ಟ ಗ್ಲುಟಮೇಟ್ ಅಂಚು ತಲುಪುವಷ್ಟರಲ್ಲಿ ತೆಳುವಾಗಿರುತ್ತದೆ, ಸುತ್ತಲಿನ ಪಂಪುಗಳು ಹೀರಿಬಿಡುತ್ತವೆ. ಒಂದರ ಹಿಂದೆ ಒಂದು ಮಿಡಿತ ಬಂದರೆ ಅಥವಾ ಅಕ್ಕಪಕ್ಕದ ಫೈಬರ್‌ಗಳೂ ಒಟ್ಟಿಗೆ ಮಿಡಿದರೆ ಮಾತ್ರ ಅಂಚಿಗೆ ಸಾಕಷ್ಟು ಹರಿಯುತ್ತದೆ. ಆಗ ಎಂಗ್ಲುಆರ್1 ಎಚ್ಚರಗೊಂಡು ಸ್ಪೈನ್ ಒಳಗಿನ ದಾಸ್ತಾನಿನಿಂದ ಕ್ಯಾಲ್ಸಿಯಂ ಬಿಡಿಸುತ್ತದೆ. ಅಂದರೆ ನಡುವಿನದು 'ಏನೋ ಬಂತು' ಅನ್ನುತ್ತದೆ, ಅಂಚಿನದು 'ಜೋರಾಗಿ ಬಂತು' ಅನ್ನುತ್ತದೆ. ಇಬ್ಬರಿಗೂ ಬಂದದ್ದು ಅದೇ ಗ್ಲುಟಮೇಟ್. ಬೇರೆ ಇರುವುದು ಕೂತ ಜಾಗ.

ಈ ಅಂಚಿನವನು ಎಷ್ಟು ಮುಖ್ಯ ಎಂದು 1994ರಲ್ಲಿ ಗೊತ್ತಾಯಿತು. ಎಂಗ್ಲುಆರ್1 ಜೀನ್ ತೆಗೆದುಹಾಕಿದ ಇಲಿಗಳು ಹುಟ್ಟಿದವು, ಬೆಳೆದವು, ಆದರೆ ನಡೆಯುವಾಗ ತೂರಾಡುತ್ತಿದ್ದವು. 2000ದಲ್ಲಿ ಇನ್ನೊಂದು ತಂಡ ಆ ಇಲಿಗಳ ಪರ್ಕಿಂಜೆ ಕೋಶಗಳಿಗೆ ಮಾತ್ರ ರಿಸೆಪ್ಟರನ್ನು ವಾಪಸ್ ಕೊಟ್ಟಿತು. ನಡಿಗೆ ಸುಧಾರಿಸಿತು. ಮನುಷ್ಯರಲ್ಲೂ ಸಾಕ್ಷಿ ಸಿಕ್ಕಿತು. ಅದೇ ವರ್ಷ ಪ್ರಕಟವಾದ ವರದಿಯಲ್ಲಿ ಹಾಡ್ಜ್‌ಕಿನ್ ಕ್ಯಾನ್ಸರ್ ಬಂದಿದ್ದ ಇಬ್ಬರಿಗೆ ನಡಿಗೆಯ ಹಿಡಿತ ತಪ್ಪಿತ್ತು. ಅವರ ದೇಹವೇ ಎಂಗ್ಲುಆರ್1 ವಿರುದ್ಧ ಪ್ರತಿಕಾಯ ತಯಾರಿಸಿತ್ತು. ಆ ಪ್ರತಿಕಾಯವನ್ನು ಇಲಿಯ ಕಿರುಮೆದುಳಿನ ಬಳಿ ಸೇರಿಸಿದಾಗ ಇಲಿಯೂ ತೂರಾಡಿತು.

ಗ್ಲುಡಿ2 ಇರುವುದು ಆ ಸ್ಪೈನ್‌ನಲ್ಲೇ. ಆದರೆ ಬೆಳೆದ ಪ್ರಾಣಿಯಲ್ಲಿ ಅದು ಪ್ಯಾರಲಲ್ ಫೈಬರ್ ತಾಗುವ ಸ್ಪೈನ್‌ನಲ್ಲಿ ಮಾತ್ರ ಸಿಗುತ್ತದೆ. ಅದೇ ಕೋಶದ ದಪ್ಪ ಕೊಂಬೆಯಲ್ಲಿ, ಕ್ಲೈಂಬಿಂಗ್ ಫೈಬರ್ ತಾಗುವಲ್ಲಿ, ಇರುವುದಿಲ್ಲ. ಗ್ಲುಟಮೇಟಿಗೆ ಬಾಗಿಲು ತೆರೆಯದಿದ್ದರೆ ಇದಕ್ಕೇನು ಕೆಲಸ? ಬಹಳ ವರ್ಷ ಇದನ್ನು ಅನಾಥ ರಿಸೆಪ್ಟರ್ ಎಂದೇ ಕರೆದರು. 2010ರಲ್ಲಿ ಗುಟ್ಟು ಬಿಚ್ಚಿತು. ಗ್ರಾನ್ಯೂಲ್ ಕೋಶ ಸೆರೆಬೆಲ್ಲಿನ್ ಎಂಬ ಪ್ರೋಟೀನ್ ಬಿಡುತ್ತದೆ. ಅದರ ಒಂದು ಕೈ ಆಚೆ ಫೈಬರ್ ಮೇಲಿನ ನ್ಯೂರೆಕ್ಸಿನ್ ಎಂಬ ಪ್ರೋಟೀನ್ ಹಿಡಿಯುತ್ತದೆ, ಇನ್ನೊಂದು ಕೈ ಈಚೆ ಗ್ಲುಡಿ2 ಹಿಡಿಯುತ್ತದೆ. ಕದದ ಎರಡು ಚಿಲಕಕ್ಕೆ ಒಂದೇ ಬೀಗ ಹಾಕಿದ ಹಾಗೆ. ಸಿನಾಪ್ಸ್ ಬಿಚ್ಚಿಹೋಗದಂತೆ ಹಿಡಿದಿರುವುದು ಈ ಬೀಗ. ಗ್ಲುಡಿ2 ಇಲ್ಲದ ಇಲಿಯಲ್ಲಿ ಎಷ್ಟೋ ಸ್ಪೈನ್‌ಗಳು ಎದುರು ಫೈಬರ್ ಇಲ್ಲದೆ ಬೋಳಾಗಿ ನಿಂತಿರುತ್ತವೆ. ಇನ್ನು ಲರ್ಚರ್ ಎಂಬ ಇಲಿ ತಳಿಯಲ್ಲಿ ಇದಕ್ಕೆ ತದ್ವಿರುದ್ಧ. ಅಲ್ಲಿ ಗ್ಲುಡಿ2ದಲ್ಲಿ ಒಂದು ಅಕ್ಷರ ತಪ್ಪಿ, ಬಾಗಿಲು ಯಾವಾಗಲೂ ತೆರೆದೇ ಇರುತ್ತದೆ. ಪರ್ಕಿಂಜೆ ಕೋಶಗಳು ಸಾಯುತ್ತವೆ. ತಪ್ಪು ಇಲ್ಲೇ ಇದೆ ಎಂದು ಗೊತ್ತಾದದ್ದು 1997ರಲ್ಲಿ.

ಇದೆಲ್ಲ ಕೂತ ಜಾಗದ ಲೆಕ್ಕ. ಆದರೆ ಕೂತವರು ಎದ್ದು ಹೋಗುವುದೂ ಉಂಟು. ಪ್ಯಾರಲಲ್ ಫೈಬರ್ ಮತ್ತು ಕ್ಲೈಂಬಿಂಗ್ ಫೈಬರ್ ಒಟ್ಟೊಟ್ಟಿಗೆ ಮತ್ತೆ ಮತ್ತೆ ಮಿಡಿದರೆ, ಆ ಪ್ಯಾರಲಲ್ ಫೈಬರ್ ಸಿನಾಪ್ಸ್ ದುರ್ಬಲವಾಗುತ್ತದೆ. 1982ರಲ್ಲಿ ಜಪಾನಿನ ಮಸಾವೊ ಇಟೊ ತಂಡ ಇದನ್ನು ತೋರಿಸಿತು. ಡೇವಿಡ್ ಮಾರ್ 1969ರಲ್ಲಿ, ಜೇಮ್ಸ್ ಆಲ್ಬಸ್ 1971ರಲ್ಲಿ ಇಂಥದ್ದೊಂದು ಬದಲಾವಣೆ ಈ ಸಿನಾಪ್ಸಿನಲ್ಲಿ ಇರಬೇಕೆಂದು ಬರೀ ಲೆಕ್ಕದ ಮೇಲೆ ಹೇಳಿದ್ದರು. ದುರ್ಬಲ ಆಗುವುದು ಅಂದರೆ ಏನು? ಕ್ಲೈಂಬಿಂಗ್ ಫೈಬರ್ ತಂದ ಕ್ಯಾಲ್ಸಿಯಂ ಮತ್ತು ಎಂಗ್ಲುಆರ್1 ಕೊಟ್ಟ ಸುದ್ದಿ ಎರಡೂ ಕೂಡಿದಾಗ, ಒಳಗಿನ ಕೈನೇಸ್ ಎಂಬ ಒಂದು ಕಿಣ್ವ ಗ್ಲುಎ2 ಬಾಲಕ್ಕೆ ಫಾಸ್ಫೇಟ್ ಅಂಟಿಸುತ್ತದೆ. ಆ ಆಂಪಾ ರಿಸೆಪ್ಟರ್ ತನ್ನ ಗೂಟದಿಂದ ಬಿಡಿಸಿಕೊಂಡು, ನಡುವಿನಿಂದ ಸರಿದು, ಕೋಶದ ಒಳಗೆ ಎಳೆದುಕೊಳ್ಳಲ್ಪಡುತ್ತದೆ. ಹೊಸದಾಗಿ ಲೋಕಲ್ ಹತ್ತುವವನು ಕಂಬಿ ಹಿಡಿಯಲು ತಡಕಾಡುತ್ತಾನೆ. ಹತ್ತು ವರ್ಷ ಓಡಾಡಿದವನು ಪೇಪರ್ ಮಡಿಸುತ್ತಲೇ ಹತ್ತುತ್ತಾನೆ. ಇಂಥ ಕಲಿಕೆಯಲ್ಲಿ ಈ ಸರಿದಾಟಕ್ಕೆ ಪಾಲಿದೆ ಎಂಬುದು ಹಳೆಯ ವಾದ. ಇದೊಂದೇ ಕಾರಣ ಎಂದು ಹೇಳುವವರನ್ನು ನಾನು ಒಪ್ಪುವುದಿಲ್ಲ. ಕಿರುಮೆದುಳಿನಲ್ಲಿ ಬಲ ಹೆಚ್ಚುವ, ಕಡಿಮೆಯಾಗುವ ಜಾಗಗಳು ಇನ್ನೂ ಹಲವು ಇವೆ.

ಗ್ರಾನ್ಯೂಲ್ ಕೋಶಕ್ಕೆ ಬರೋಣ. ಅದಕ್ಕೆ ಸಾಮಾನ್ಯವಾಗಿ ನಾಲ್ಕೇ ಡೆಂಡ್ರೈಟ್. ಒಂದೊಂದರ ತುದಿಯೂ ಹಕ್ಕಿಯ ಉಗುರಿನ ಹಾಗೆ ಬಾಗಿ, ಮಾಸಿ ಫೈಬರ್‌ನ ಗಂಟನ್ನು ಹಿಡಿದಿರುತ್ತದೆ. ರಿಸೆಪ್ಟರ್‌ಗಳು ಆ ಉಗುರಿನಲ್ಲಿ: ಆಂಪಾ ಇದೆ, ಎನ್‌ಎಂಡಿಎ ಧಾರಾಳವಾಗಿದೆ, ಕೈನೇಟೂ ಇದೆ. ಇಲ್ಲಿ ವಯಸ್ಸಿನ ಆಟ ಚೆನ್ನಾಗಿದೆ. ಮರಿಯಲ್ಲಿ ಎನ್‌ಎಂಡಿಎ ರಿಸೆಪ್ಟರ್ ಗ್ಲುಎನ್2ಬಿ ತುಂಡು ಹಾಕಿಕೊಂಡಿರುತ್ತದೆ. ಬೆಳೆಯುತ್ತಾ ಅದನ್ನು ಬಿಟ್ಟು 2ಎ ಮತ್ತು 2ಸಿ ಹಾಕಿಕೊಳ್ಳುತ್ತದೆ. 2ಸಿ ಎನ್ನುವುದು ಗ್ರಾನ್ಯೂಲ್ ಕೋಶದ ಗುರುತಿನ ಚೀಟಿ ಇದ್ದ ಹಾಗೆ. ರಿಸೆಪ್ಟರ್ ತಯಾರಾದರೆ ಸಾಲದು, ಜಾಗಕ್ಕೆ ಕರೆದುಕೊಂಡು ಹೋಗುವವರು ಬೇಕು ಎಂದು ಕಲಿಸಿದ್ದೂ ಇದೇ ಕೋಶ. ಸ್ಟಾರ್‌ಗೇಜರ್ ಎಂಬ ಇಲಿ ತಲೆ ಎತ್ತಿ ಆಕಾಶ ನೋಡುತ್ತಾ ತೂರಾಡುತ್ತದೆ. ಅದರ ಗ್ರಾನ್ಯೂಲ್ ಕೋಶದಲ್ಲಿ ಆಂಪಾ ತಯಾರಾಗುತ್ತದೆ, ಹೊರಪೊರೆಗೆ ಬರುವುದಿಲ್ಲ. ಸ್ಟಾರ್‌ಗೇಜಿನ್ ಎಂಬ ಜೊತೆಗಾರ ಪ್ರೋಟೀನ್ ಇಲ್ಲದ್ದೇ ಕಾರಣ.

ನೀವು 'ಡೆಂಡ್ರೈಟ್' ಎಂದಾಗ ಬಿಟ್ಟುಹೋದ ಇನ್ನೊಂದು ಜಾಗ ಆಕ್ಸಾನ್. ಅದೇ ಗ್ರಾನ್ಯೂಲ್ ಕೋಶ ಮೇಲೆ ಹೋಗಿ ಪ್ಯಾರಲಲ್ ಫೈಬರ್ ಆದಾಗ, ಅದರ ತುದಿಗಳಲ್ಲಿ ಎಂಗ್ಲುಆರ್4 ಇರುತ್ತದೆ. ಗ್ಲುಟಮೇಟ್ ಬಿಡುವ ಜಾಗದಲ್ಲೇ ಕೂತು, ತಾನೇ ಬಿಟ್ಟ ಗ್ಲುಟಮೇಟನ್ನು ತಾನೇ ಮೂಸಿ, 'ಸಾಕು' ಎಂದು ಬ್ರೇಕ್ ಹಾಕುತ್ತದೆ. ಒಂದೇ ಕೋಶ: ಕೆಳಗಿನ ಉಗುರಿನಲ್ಲಿ ಕಿವಿ, ಮೇಲಿನ ತುದಿಯಲ್ಲಿ ಬ್ರೇಕ್. ಇದನ್ನು ಬರೆದಿದ್ದರೆ ನಿಮ್ಮ ಮೇಷ್ಟ್ರು ಬಹುಶಃ ಪೂರ್ತಿ ಮಾರ್ಕು ಕೊಡುತ್ತಿದ್ದರು.

ಕಿರುಮೆದುಳಿನ ಉಳಿದ ಕೋಶಗಳನ್ನು ಬೇಗ ನೋಡಿಬಿಡೋಣ. ಗೋಲ್ಗಿ ಕೋಶದಲ್ಲಿ ಎಂಗ್ಲುಆರ್2 ಇದೆ. ಇದು ಪೊಟ್ಯಾಸಿಯಂ ಚಾನಲ್ ತೆರೆಸಿ ಕೋಶವನ್ನು ಸುಮ್ಮನಾಗಿಸುತ್ತದೆ. ಗ್ಲುಟಮೇಟ್ ಅಂದರೆ ಯಾವಾಗಲೂ ಉದ್ರೇಕ ಎಂದು ಬಾಯಿಪಾಠ ಮಾಡಿದ್ದರೆ ಇಲ್ಲಿ ಮುಗ್ಗರಿಸುತ್ತೀರಿ. ಸಮತೋಲ ನೋಡಿಕೊಳ್ಳುವ ಭಾಗದಲ್ಲಿ ಜಾಸ್ತಿ ಇರುವ ಯುನಿಪೋಲಾರ್ ಬ್ರಷ್ ಕೋಶಗಳಲ್ಲೂ ಇದೇ ತಮಾಷೆ. ಎಂಗ್ಲುಆರ್1 ಮೇಲುಗೈ ಆದವು ಮಾಸಿ ಫೈಬರ್ ಮಿಡಿದರೆ ಬಹಳ ಹೊತ್ತು ಗಲಾಟೆ ಮಾಡುತ್ತವೆ. ಎಂಗ್ಲುಆರ್2 ಮೇಲುಗೈ ಆದವು ಬಾಯಿ ಮುಚ್ಚುತ್ತವೆ. ಸ್ಟೆಲೇಟ್ ಕೋಶದಲ್ಲಿ ಎನ್‌ಎಂಡಿಎ ಸಿನಾಪ್ಸಿನ ಹೊರಗಿದೆ, ಗ್ಲುಟಮೇಟ್ ಉಕ್ಕಿ ಹರಿದಾಗ ಅದಕ್ಕೆ ಕೆಲಸ. ಮತ್ತೆ ಹಿಂದ್‌ಮಾತಾ! ಇನ್ನು ಬರ್ಗ್‌ಮನ್ ಗ್ಲಿಯಾ. ಇದು ನರಕೋಶವೇ ಅಲ್ಲ, ನೀವು ಕೇಳಲೂ ಇಲ್ಲ. ಆದರೂ ಹೇಳುತ್ತೇನೆ. ಪರ್ಕಿಂಜೆ ಸಿನಾಪ್ಸುಗಳನ್ನು ಸೆರಗಿನ ಹಾಗೆ ಸುತ್ತಿರುವ ಈ ಕೋಶದಲ್ಲೂ ಆಂಪಾ ಇದೆ, ಗ್ಲುಎ2 ಇಲ್ಲದ್ದು. ಹಾಗಾಗಿ ಕ್ಯಾಲ್ಸಿಯಂ ಒಳಗೆ ಬರುತ್ತದೆ. 2001ರಲ್ಲಿ ಇದಕ್ಕೆ ಬಲವಂತವಾಗಿ ಗ್ಲುಎ2 ತುರುಕಿ ನೋಡಿದರು. ಸೆರಗು ಸಿನಾಪ್ಸಿನಿಂದ ಜಾರಿತು.

ಅಮ್ಮನ ಮಾತಿಗೆ ಬರೋಣ. ಅಜಿನೊಮೊಟೊ ಅಂದರೆ ಗ್ಲುಟಮೇಟಿನ ಲವಣವೇ. ಊಟದಲ್ಲಿ ಬಂದ ಗ್ಲುಟಮೇಟಿನ ಬಹುಪಾಲನ್ನು ಕರುಳಿನ ಕೋಶಗಳೇ ಇಂಧನವಾಗಿ ಸುಟ್ಟುಬಿಡುತ್ತವೆ. ರಕ್ತಕ್ಕೆ ಬಂದದ್ದನ್ನೂ ಮೆದುಳಿನ ರಕ್ತನಾಳದ ಗೋಡೆ ಸುಲಭವಾಗಿ ಒಳಗೆ ಬಿಡುವುದಿಲ್ಲ. ಸಿನಾಪ್ಸಿನಲ್ಲಿ ಬಳಸುವ ಗ್ಲುಟಮೇಟನ್ನು ಮೆದುಳು ಒಳಗೇ ಮಾಡಿಕೊಳ್ಳುತ್ತದೆ. ಟೊಮೆಟೊ ಸಾರಿನಲ್ಲೂ ಗ್ಲುಟಮೇಟ್ ಇದೆ. ಸ್ಟೇಷನ್ ಹೊರಗಿನ ಮಂಚೂರಿಯನ್ ಬೇಡ ಎಂದು ಅಮ್ಮ ಹೇಳಿದರೆ ಎಣ್ಣೆ, ಉಪ್ಪಿನ ಕಾರಣಕ್ಕೆ ಕೇಳಿ. ಪರ್ಕಿಂಜೆ ಕೋಶದ ಹೆದರಿಕೆಗಲ್ಲ.

ಕೊನೆಗೆ ಗೆಳತಿಯ ವಾದ. ಇದಕ್ಕೆ ನನ್ನದೇ ಒಂದು ಅವಮಾನದ ಕಥೆ ಇದೆ. ವಯಸ್ಸಿನಲ್ಲಿದ್ದಾಗ ಮುಂಬೈಯ ಒಂದು ಲ್ಯಾಬಿನಲ್ಲಿ ಇಲಿಯ ಕಿರುಮೆದುಳು ಕೊಯ್ದು, ಎನ್‌ಎಂಡಿಎ ರಿಸೆಪ್ಟರಿಗೆ ಬಣ್ಣ ಹಾಕುತ್ತಿದ್ದೆ. ತಿಂಗಳುಗಟ್ಟಲೆ ಸ್ಲೈಡ್ ಖಾಲಿ. ಪರ್ಕಿಂಜೆ ಪದರ ಬಿಡಿ, ಇರಲೇಬೇಕಾದ ಗ್ರಾನ್ಯೂಲ್ ಪದರವೂ ಮಂಕು. 'ಇಲ್ಲ' ಎಂದು ನೋಟ್‌ಬುಕ್ಕಿನಲ್ಲಿ ದೊಡ್ಡದಾಗಿ ಬರೆದೆ. ಆಮೇಲೆ ತಿಳಿಯಿತು, ತಪ್ಪು ನನ್ನದೇ. ಫಾರ್ಮಾಲಿನ್ ಪ್ರೋಟೀನುಗಳನ್ನು ಒಂದಕ್ಕೊಂದು ಹೊಲಿದುಬಿಡುತ್ತದೆ. ಸಿನಾಪ್ಸಿನ ಕೆಳಗೆ ಪ್ರೋಟೀನ್ ಮೊದಲೇ ದಟ್ಟ. ಪ್ರತಿಕಾಯಕ್ಕೆ ಒಳಗೆ ನುಗ್ಗಲು ಸಂದೇ ಇರುವುದಿಲ್ಲ. ಪೆಪ್ಸಿನ್, ಹೌದು, ಹೊಟ್ಟೆಯಲ್ಲಿರುವ ಅದೇ ಕಿಣ್ವ, ಅದರಲ್ಲಿ ಸ್ವಲ್ಪ ಹೊತ್ತು ನೆನೆಸಿದರೆ ಸಂದು ಬಿಡುತ್ತದೆ. ಹಾಗೆ ಮಾಡಿದ ಮೇಲೆ ಗ್ರಾನ್ಯೂಲ್ ಪದರ ಚುಕ್ಕೆ ಚುಕ್ಕೆಯಾಗಿ ಹೊಳೆಯಿತು. ಕಾಣದ್ದು ಬೇರೆ, ಇಲ್ಲದ್ದು ಬೇರೆ.

ಪರ್ಕಿಂಜೆ ಕೋಶದ ವಿಷಯದಲ್ಲಿ ಗೋಜಲು ಇನ್ನೂ ಒಂದಿತ್ತು. ಮೆದುಳಿನ ತೆಳು ಹೋಳಿನಲ್ಲಿ ವಿದ್ಯುತ್ ಅಳೆಯಲು ಎಳೆ ಇಲಿಮರಿಗಳೇ ಅನುಕೂಲ. ಹೆಚ್ಚಿನವರು ಎರಡು ಮೂರು ವಾರದ ಮರಿಗಳನ್ನೇ ಬಳಸಿದರು. ಹುಟ್ಟಿದ ಹೊಸತರಲ್ಲಿ ಪರ್ಕಿಂಜೆ ಕೋಶದಲ್ಲಿ ಸ್ವಲ್ಪ ಎನ್‌ಎಂಡಿಎ ಇರುತ್ತದೆ, ಆ ವಯಸ್ಸಿಗೆ ಬರುವಷ್ಟರಲ್ಲಿ ಮಾಯ. ಹಾಗಾಗಿ 'ಇಲ್ಲ' ಎಂದು ಪಠ್ಯಪುಸ್ತಕಕ್ಕೆ ಹೋಯಿತು. 2007ರಲ್ಲಿ ಬೆಳೆದ ಇಲಿಗಳಲ್ಲಿ ಅಳೆದವರಿಗೆ ಅದು ಮತ್ತೆ ಸಿಕ್ಕಿತು, ಕ್ಲೈಂಬಿಂಗ್ ಫೈಬರ್ ತಾಗುವ ಸಿನಾಪ್ಸಿನಲ್ಲಿ. ಪ್ಯಾರಲಲ್ ಫೈಬರ್ ಸ್ಪೈನ್‌ನಲ್ಲಿ ಅಲ್ಲ. ಆದ್ದರಿಂದ ಗೆಳತಿ ಮುಂದಿನ ಸಲ ವಾದಕ್ಕೆ ಬಂದರೆ ಎರಡು ಕೇಳಿ: ಯಾವ ಸಿನಾಪ್ಸು, ಇಲಿಗೆ ಎಷ್ಟು ವಾರ?